ಸೀಲ್ ಬದಲಿಸಿದರೂ ನಿಲ್ಲದ ಸೋರಿಕೆ: ಟ್ರಯಲ್ಸ್‌ಗೆ ಇಳಿದ ಹಳೆಯ ಯೆಜ್ಡಿಯ ಮುಂದಿನ ಫೋರ್ಕ್

ಪ್ರಶ್ನೆ: ನಮ್ಮದು ಪಾಂಡವಪುರದ ಹತ್ತಿರದ ಊರು. ತಂದೆಯವರು 1984ರಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್ ಗಾಡಿಯನ್ನು ಮೂರು ವರ್ಷಗಳಿಂದ ಟ್ರಯಲ್ಸ್ (ಕಾಲೂರದೆ ಅಡೆತಡೆಗಳನ್ನು ದಾಟುವ ಬೈಕ್ ಆಟ) ಅಭ್ಯಾಸಕ್ಕೆ ಬಳಸುತ್ತಿದ್ದೇನೆ. ಕುಂತಿ ಬೆಟ್ಟದ ಸುತ್ತಿನ ಹಾಸುಬಂಡೆ ಮತ್ತು ನಾಲೆಯ ಬದಿಯ ಕೆಸರು ದಾರಿಗಳಲ್ಲಿ ನಿಧಾನವಾಗಿ ಓಡಿಸುತ್ತೇನೆ. ಮುಂದಿನ ಫೋರ್ಕ್‌ನ (ಚಕ್ರವನ್ನು ಹಿಡಿದು ಕುಲುಕಾಟ ತಡೆಯುವ ಜೋಡಿ ಕಾಲುಗಳ) ಎಡಗಾಲಿನಿಂದ ಎಣ್ಣೆ ಸೋರುತ್ತಿದೆ. ಒಂದೇ ವರ್ಷದಲ್ಲಿ ಮೂರು ಸಲ ಆಯಿಲ್ ಸೀಲ್ ಬದಲಿಸಿದರೂ ಪ್ರತಿ ಸಲವೂ ಎರಡು ತಿಂಗಳಲ್ಲಿ ಸೋರಿಕೆ ಮರುಕಳಿಸಿತು. ಸಣ್ಣ ಕಲ್ಲಿನ ಮೇಲೆ ಫೋರ್ಕ್ ಅಲುಗುವುದೇ ಇಲ್ಲ, ದೊಡ್ಡ ಬಂಡೆಯಿಂದ ಇಳಿದಾಗ ಮಾತ್ರ ತಳಕ್ಕೆ ಬಡಿಯುತ್ತದೆ. ಮುಂದಿನ ಚಕ್ರ ಗಾಳಿಗೆ ಎದ್ದಾಗ ‘ಟಕ್’ ಎಂಬ ಸದ್ದು ಬರುತ್ತದೆ. ಗಟ್ಟಿಯಾದ ಎಂಜಿನ್ ಆಯಿಲ್ ಹಾಕಿ ಎಂದು ಒಬ್ಬರು ಹೇಳುತ್ತಾರೆ, ಹೊಸ ಗಾಡಿಯ ಫೋರ್ಕ್ ಹಾಕಿಸಿಬಿಡಿ ಎಂದು ಇನ್ನೊಬ್ಬರು. ಏನು ಮಾಡಲಿ? ಚಿತ್ರಗಳನ್ನು ಲಗತ್ತಿಸಿದ್ದೇನೆ.

ಉತ್ತರ: ಎರಡೂ ಸಲಹೆಗಳನ್ನು ಸದ್ಯಕ್ಕೆ ಬದಿಗಿಡಿ. ನಾಲ್ಕನೆಯ ಸೀಲನ್ನೂ ಈಗಲೇ ಕೊಳ್ಳಬೇಡಿ. ಒಂದೇ ಕಾಲಿನಲ್ಲಿ ಎರಡೆರಡು ತಿಂಗಳಿಗೆ ಸೀಲ್ ಹಾಳಾಗುತ್ತಿದೆ ಎಂದರೆ ಸೀಲನ್ನು ಏನೋ ಒಂದು ಹಾಳು ಮಾಡುತ್ತಿದೆ ಎಂದು ಅರ್ಥ, ಮತ್ತು ಆ ‘ಏನೋ ಒಂದು’ ನೀವು ಕಳುಹಿಸಿದ ಎರಡನೆಯ ಚಿತ್ರದಲ್ಲಿಯೇ ಕಾಣುತ್ತಿದೆ. ಎಡಗಾಲಿನ ಫೋರ್ಕ್ ಪೈಪಿನ ಮೇಲೆ, ಸೀಲ್ ಕೂರುವ ಜಾಗದಿಂದ ಸುಮಾರು ಮೂರು ನಾಲ್ಕು ಬೆರಳು ಮೇಲೆ, ಕಂದು ಬಣ್ಣದ ಸಣ್ಣ ಸಣ್ಣ ಚುಕ್ಕೆಗಳಿವೆ. ಅವು ಕೆಸರಿನ ಕಲೆಗಳಲ್ಲ, ಕ್ರೋಮ್ ಪದರವನ್ನು ತೂರಿಕೊಂಡು ಬಂದ ತುಕ್ಕಿನ ಗುಳಿಗಳು. ಫೋರ್ಕ್ ಅದುಮಿದಾಗಲೆಲ್ಲ ಆ ಗುಳಿಗಳ ಚೂಪಾದ ಅಂಚು ಸೀಲಿನ ತುಟಿಯ ಮೇಲೆ ಅರದಂತೆ ಹಾಯುತ್ತದೆ. ಎಷ್ಟೇ ಒಳ್ಳೆಯ ಸೀಲ್ ಹಾಕಿದರೂ ಅದು ತಾಳಿಕೊಳ್ಳುವುದು ಕೆಲವು ಸಾವಿರ ಅದುಮುಗಳನ್ನು ಮಾತ್ರ.

ನಿಮ್ಮ ಉಳಿದೆರಡು ದೂರುಗಳಿಗೂ ಇದಕ್ಕೂ ನಂಟಿದೆ. ಟ್ರಯಲ್ಸ್‌ನಲ್ಲಿ ವೇಗಕ್ಕೆ ಬೆಲೆಯಿಲ್ಲ, ಕಾಲು ನೆಲಕ್ಕೆ ಊರದೆ ಅಡೆತಡೆಯನ್ನು ದಾಟುವುದಕ್ಕೆ ಬೆಲೆ. ಒಮ್ಮೆ ಕಾಲೂರಿದರೆ 1 ಅಂಕದ ದಂಡ, ಬಿದ್ದರೆ ಅಥವಾ ಆ ಭಾಗವನ್ನು ದಾಟಲಾಗದಿದ್ದರೆ 5. ನಡಿಗೆಯ ವೇಗದಲ್ಲಿ ಸಾಗುವಾಗ ಮುಂದಿನ ಚಕ್ರವು ಕಲ್ಲಿನ ಮೈಯನ್ನು ಕೈಯಿಂದ ತಡವಿದಂತೆ ಅನುಸರಿಸಬೇಕು. ಅದಕ್ಕೆ ಫೋರ್ಕ್‌ನ ಮೊದಲ ಅರ್ಧ ಅಂಗುಲದ ಚಲನೆ ಅತಿ ಕಡಿಮೆ ಬಲಕ್ಕೆ ಆರಂಭವಾಗಬೇಕು. ರಸ್ತೆಯ ಮೇಲೆ 60 ಕಿ.ಮೀ. ವೇಗದಲ್ಲಿ ಓಡುವ ಗಾಡಿಯಲ್ಲಿ ಸೀಲಿನ ಹಿಡಿತವಾಗಲಿ ಪೈಪು ಜಾರುವ ಒಳಬಳೆಯಾದ ಬುಷ್‌ನ ಘರ್ಷಣೆಯಾಗಲಿ ಅಷ್ಟಾಗಿ ಗೊತ್ತಾಗುವುದಿಲ್ಲ, ಏಕೆಂದರೆ ಗುಂಡಿಯ ಹೊಡೆತವೇ ಅದನ್ನು ಮೀರುತ್ತದೆ. ಟ್ರಯಲ್ಸ್‌ನಲ್ಲಿ ಅದೇ ಘರ್ಷಣೆ ಫೋರ್ಕ್ ಅನ್ನು ಕಟ್ಟಿಹಾಕುತ್ತದೆ, ಚಕ್ರ ಕಲ್ಲಿನ ಮೇಲೆ ಪುಟಿಯುತ್ತದೆ, ಸವಾರ ಕಾಲೂರುತ್ತಾನೆ. ಹಾಗಾಗಿ ನಿಮ್ಮ ಫೋರ್ಕ್‌ಗೆ ಸೋರಿಕೆಗಿಂತ ದೊಡ್ಡ ಕಾಯಿಲೆ ಘರ್ಷಣೆ ಎಂದು ನಾನು ಭಾವಿಸುತ್ತೇನೆ. ಪೈಪಿನ ಮೈ, ಪೈಪಿನ ನೇರ, ಎರಡು ಕಾಲುಗಳ ಸಮಾಂತರ, ಈ ಮೂರನ್ನು ಸರಿಪಡಿಸಿದರೆ ಸೋರಿಕೆ ತಾನಾಗಿಯೇ ನಿಲ್ಲುತ್ತದೆ. ಸೀಲ್ ಈ ಕೆಲಸದ ಕೊನೆಯ ಹೆಜ್ಜೆ.

ಗಟ್ಟಿ ಎಣ್ಣೆಯ ಸಲಹೆ ಏಕೆ ತಪ್ಪು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಇದು ಬಹಳ ಬಳಕೆಯಲ್ಲಿದೆ. ಆ ಕಾಲದ ಸಾಮಾನ್ಯ ಫೋರ್ಕ್‌ಗಳಲ್ಲಿ ಕುಲುಕಾಟವನ್ನು ತಡೆಯುವುದು ಎಣ್ಣೆ ಹಾಯಬೇಕಾದ ಸಣ್ಣ ತೂತುಗಳು. ಅವುಗಳ ಗಾತ್ರ ಬದಲಾಗುವುದಿಲ್ಲ. ಇಂಥ ತೂತಿನಲ್ಲಿ ತಡೆಯ ಬಲವು ವೇಗದ ವರ್ಗಕ್ಕೆ ಹತ್ತಿರವಾಗಿ ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ತಡೆ ಸುಮಾರು ನಾಲ್ಕು ಪಟ್ಟು, ವೇಗ ಹತ್ತು ಪಟ್ಟಾದರೆ ಸುಮಾರು ನೂರು ಪಟ್ಟು. ನೀವು ಕಲ್ಲನ್ನು ನಿಧಾನವಾಗಿ ಏರುವಾಗ ಫೋರ್ಕ್ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್ ಅದುಮುತ್ತದೆ ಮತ್ತು ಆಗ ತಡೆ ಇಲ್ಲವೆನ್ನುವಷ್ಟು ಕಡಿಮೆ. ಅದೇ ಮೊಣಕಾಲೆತ್ತರದ, ಅಂದರೆ ಅರ್ಧ ಮೀಟರಿನ ಬಂಡೆಯಿಂದ ಚಕ್ರ ನೇರವಾಗಿ ಬಿದ್ದರೆ ನೆಲ ಮುಟ್ಟುವ ಹೊತ್ತಿಗೆ ಅದರ ವೇಗ ಸೆಕೆಂಡಿಗೆ ಸುಮಾರು 3 ಮೀಟರ್. ಗಟ್ಟಿ ಎಣ್ಣೆ ಹಾಕಿದರೆ ಈ ಕೊನೆಯ ಹೊಡೆತದಲ್ಲಿ ಫೋರ್ಕ್ ಕ್ಷಣಕಾಲ ಕಬ್ಬಿಣದ ಸರಳಿನಂತೆ ಸೆಟೆದುಕೊಂಡು ಹೊಡೆತವನ್ನು ನೇರವಾಗಿ ನಿಮ್ಮ ಮಣಿಕಟ್ಟಿಗೆ ಕಳುಹಿಸುತ್ತದೆ, ಇನ್ನೊಂದೆಡೆ ಅದುಮಿದ ಫೋರ್ಕ್ ಮೇಲೇಳುವುದು ನಿಧಾನವಾಗಿ, ಅದು ಎದ್ದು ನಿಲ್ಲುವ ಮೊದಲೇ ಮುಂದಿನ ಕಲ್ಲು ಬಂದುಬಿಡುತ್ತದೆ. ಸವೆದ ಬುಷ್‌ನ ಸಡಿಲವನ್ನು ಗಟ್ಟಿ ಎಣ್ಣೆಯಿಂದ ಮುಚ್ಚಬಹುದೇ ಹೊರತು ವಾಸಿ ಮಾಡಲಾಗದು.

ಹೊಸ ಗಾಡಿಯ ಫೋರ್ಕ್ ಹಾಕಿಸುವ ಮಾತಿಗೆ ನನ್ನ ವಿರೋಧ ಬೇರೆ ಕಾರಣಕ್ಕೆ. ಫೋರ್ಕ್‌ನ ಉದ್ದ, ಎರಡೂ ಪೈಪುಗಳನ್ನು ಹಿಡಿದಿಡುವ ಟಿ-ಪ್ಲೇಟಿನ ಮುಂಚಾಚು, ಚಕ್ರದ ಅಚ್ಚು ಇರುವ ಜಾಗ, ಇವು ಸೇರಿ ಸ್ಟಿಯರಿಂಗ್‌ನ ಗುಣವನ್ನು ನಿರ್ಧರಿಸುತ್ತವೆ. ಒಂದನ್ನು ಬದಲಿಸಿದರೆ ಉಳಿದವನ್ನೂ ಲೆಕ್ಕ ಹಾಕಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ 1961ರಿಂದ ಹೊರಬರುತ್ತಿದ್ದ ಈ ಗಾಡಿಗಳ ತಯಾರಿಕೆ 1996ರಲ್ಲಿ ನಿಂತುಹೋಯಿತು. ಮೂಲ ಭಾಗಗಳು ಪ್ರತಿ ವರ್ಷ ಕಡಿಮೆಯಾಗುತ್ತಿವೆ. ನಿಮ್ಮ ತಂದೆಯವರ ಗಾಡಿಯ ಮೂಲ ಫೋರ್ಕ್ ಇನ್ನೂ ದುರಸ್ತಿಗೆ ಸಿಗುವ ಸ್ಥಿತಿಯಲ್ಲಿರುವಾಗ ಅದನ್ನು ಗುಜರಿಗೆ ಹಾಕಬೇಡಿ. ಟ್ರಯಲ್ಸ್‌ಗೆ 250 ಸಿ.ಸಿ.ಯ ಟೂ-ಸ್ಟ್ರೋಕ್ ಗಾಡಿ ತಕ್ಕದ್ದಲ್ಲ ಎಂದು ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ. 1965ರಲ್ಲಿ ಟ್ರಯಲ್ಸ್ ಸವಾರ ಸ್ಯಾಮಿ ಮಿಲ್ಲರ್ ಅವರು ಸ್ಪೇನಿನ ಬುಲ್ಟಾಕೋ ಕಂಪನಿಯ ಟೂ-ಸ್ಟ್ರೋಕ್ ಗಾಡಿಯಲ್ಲಿ ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ಸ್ ಗೆದ್ದ ಮೇಲೆಯೇ ಈ ಆಟದಲ್ಲಿ ಭಾರದ ಫೋರ್-ಸ್ಟ್ರೋಕ್ ಗಾಡಿಗಳ ಕಾಲ ಮುಗಿಯುತ್ತ ಬಂದದ್ದು. ನಿಮ್ಮ ಯೆಜ್ಡಿ ಆ ಬುಲ್ಟಾಕೋಗಿಂತ ಬಹಳ ಭಾರ ಎಂಬುದು ನಿಜ, ಆದರೆ ಆ ಭಾರವನ್ನು ಹೊರುವ ಫೋರ್ಕ್ ಮೃದುವಾಗಿ ಕೆಲಸ ಮಾಡಿದರೆ ಸಂತೋಷದಿಂದ ಓಡಿಸಬಹುದು.

ಬಿಚ್ಚುವ ಮುನ್ನ ಒಂದು ಪರೀಕ್ಷೆ ಮಾಡಿ. ಮುಂದಿನ ಬ್ರೇಕ್ ಹಿಡಿದು ಗಾಡಿಯನ್ನು ಹಿಂದೆ ಮುಂದೆ ತಳ್ಳುತ್ತ, ಇನ್ನೊಬ್ಬರಿಗೆ ಸ್ಟಿಯರಿಂಗ್ ತಿರುಗುವ ಬೇರಿಂಗ್ ಆದ ಕೆಳಗಿನ ಕೋನ್‌ಸೆಟ್‌ನ ಸಂದಿಯಲ್ಲಿ ಬೆರಳಿಡಲು ಹೇಳಿ. ಅಲ್ಲಿ ಅಲುಗಾಟ ಬೆರಳಿಗೆ ತಾಗಿದರೆ ಕೋನ್‌ಸೆಟ್ ಸಡಿಲವಾಗಿದೆ. ಅಲ್ಲಿ ಏನೂ ಇಲ್ಲದೆ ಪೈಪು ಕೆಳಗಿನ ಕಾಲಿನೊಳಕ್ಕೆ ಹೋಗುವ ಜಾಗದಲ್ಲಿ ಅಲುಗಾಟ ಸಿಕ್ಕಿದರೆ ಬುಷ್ ಸವೆದಿದೆ. ಚಕ್ರ ಗಾಳಿಗೆ ಎದ್ದಾಗ ಬರುವ ‘ಟಕ್’ ಸದ್ದಿಗೆ ಸಾಮಾನ್ಯ ಕಾರಣ ಎಣ್ಣೆ ಕಡಿಮೆಯಾಗಿರುವುದು. ಮೇಲೇಳುವ ಫೋರ್ಕ್ ಅನ್ನು ಕೊನೆಯಲ್ಲಿ ತಡೆಯಲು ಎಣ್ಣೆಯೇ ಇಲ್ಲದಾಗ ಲೋಹಕ್ಕೆ ಲೋಹ ಬಡಿಯುತ್ತದೆ. ಸೋರಿಹೋದ ಎಣ್ಣೆಯ ಲೆಕ್ಕ ಹಾಕಿದರೆ ನಿಮ್ಮಲ್ಲಿ ಆಗಿರುವುದು ಇದೇ ಇರಬೇಕು.

ಬಿಚ್ಚುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಂಜಿನ್‌ನ ಅಡಿಗೆ ಗಟ್ಟಿಮರದ ದಿಮ್ಮಿಯಿಟ್ಟು ಗಾಡಿ ಅಲುಗದಂತೆ ನಿಲ್ಲಿಸಿ. ಮೇಲಿನ ನಟ್ಟಿನ ಅಡಿಯಲ್ಲಿ ಸ್ಪ್ರಿಂಗ್ ಅದುಮಿಕೊಂಡಿರಬಹುದಾದ್ದರಿಂದ ಕೊನೆಯ ಎರಡು ಸುತ್ತುಗಳನ್ನು ಅಂಗೈಯಿಂದ ಒತ್ತಿಹಿಡಿದೇ ಬಿಡಿಸಿ, ಮುಖವನ್ನು ಅದರ ನೇರಕ್ಕೆ ಇಡಬೇಡಿ. ಪೈಪನ್ನು ವೈಸ್‌ನ ಹಲ್ಲುಗಳಿಗೆ ನೇರವಾಗಿ ಕೊಡಬೇಡಿ. ಎರಡು ಮರದ ತುಂಡುಗಳನ್ನು ಜೋಡಿಸಿ ನಡುವೆ ಪೈಪಿನ ಅಳತೆಗೆ ತೂತು ಕೊರೆದು, ಸೀಳಿ ಇಟ್ಟುಕೊಂಡರೆ ಅದು ಜೀವಮಾನದ ಸಾಧನವಾಗುತ್ತದೆ. ಒಳಗಿನ ರಾಡ್ ಕೆಳಗಿನ ಬೋಲ್ಟಿನೊಂದಿಗೆ ತಾನೂ ತಿರುಗತೊಡಗಿದರೆ ಪೊರಕೆಯ ಮರದ ಹಿಡಿಯನ್ನು ಮೊನೆಗೊಳಿಸಿ ಮೇಲಿನಿಂದ ತೂರಿಸಿ ಬಲವಾಗಿ ಒತ್ತಿ ಹಿಡಿಯಿರಿ, ಅಷ್ಟೇ ಸಾಕು. ಹಳೆಯ ಸೀಲ್ ಅಥವಾ ಬುಷ್ ಅಲ್ಯೂಮಿನಿಯಂ ಕಾಲಿನಲ್ಲಿ ಕಚ್ಚಿಕೊಂಡಿದ್ದರೆ ಸುತ್ತಿಗೆಗೆ ಕೈ ಹಾಕದೆ ಬಿಸಿ ಗಾಳಿಯ ಗನ್‌ನಿಂದ 100 ಡಿಗ್ರಿಯವರೆಗೆ ಕಾಯಿಸಿ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. 40 ಮಿ.ಮೀ. ವ್ಯಾಸದ ತೂತು ಮೊದಲಿಗಿಂತ 80 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ಉಕ್ಕಿನ ಭಾಗಕ್ಕಿಂತ ಸುಮಾರು 0.035 ಮಿ.ಮೀ. ಹೆಚ್ಚು ಅಗಲವಾಗುತ್ತದೆ. ಕೇಳಲು ಅಲ್ಪ, ಆದರೆ ಬಿಗಿಯನ್ನು ಬಿಡಿಸಲು ಅದು ಧಾರಾಳ.

ಒಳಗಿನ ಎಣ್ಣೆಯನ್ನು ಒಂದು ಬಿಳಿಯ ಪಾತ್ರೆಗೆ ಸುರಿದು ಬಣ್ಣ ನೋಡಿ. ಹಾಲು ಹಾಕಿದ ಕಾಫಿಯ ಬಣ್ಣವಿದ್ದರೆ ನೀರು ಸೇರಿದೆ. ನಾಲೆಯ ಬದಿಯ ಗದ್ದೆ ಕೆಸರು ನಯವಾದ ಜೇಡಿ, ಸೀಲಿನ ತುಟಿಯ ಅಡಿಗೆ ನುಸುಳಿ ಅದು ಸಾಣೆಕಲ್ಲಿನಂತೆ ಕೆಲಸ ಮಾಡುತ್ತದೆ. ಆಯುಧಪೂಜೆಯ ಹಿಂದಿನ ದಿನ ಸರ್ವೀಸ್ ಸ್ಟೇಷನ್ನಿನಲ್ಲಿ ಜೋರು ನೀರಿನ ಪೈಪನ್ನು ಫೋರ್ಕ್‌ಗೆ ನೇರವಾಗಿ ಹಿಡಿಸುವ ಅಭ್ಯಾಸ ನಮ್ಮಲ್ಲಿ ಬಹಳ, ಅದನ್ನು ದಯವಿಟ್ಟು ನಿಲ್ಲಿಸಿ. ಹಳೆಯ ಎಣ್ಣೆಯನ್ನು ಡಬ್ಬದಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ. ನಾಲೆಗೆ ಅಥವಾ ಗದ್ದೆಯ ಬದುವಿಗೆ ಅದು ಸೇರಬಾರದು.

ಈಗ ಪೈಪಿಗೆ ಬರೋಣ, ಈ ಕೆಲಸದ ಮುಕ್ಕಾಲು ಪಾಲು ಇರುವುದು ಇಲ್ಲೇ. ಮೊದಲು ನೇರ. ದಪ್ಪ ಗಾಜಿನ ಮೇಲೆ ಪೈಪನ್ನು ಉರುಳಿಸಿ ಅಡಿಯಲ್ಲಿ ಬೆಳಕಿನ ಗೆರೆ ನೋಡಿದರೆ ದೊಡ್ಡ ಬಾಗು ಗೊತ್ತಾಗುತ್ತದೆ. ಸಣ್ಣ ಬಾಗಿಗೆ ಮಾತ್ರ ಲೇತ್ ಕೆಲಸದವರ ಬಳಿ ಎರಡು ವಿ-ಬ್ಲಾಕ್‌ಗಳ (ವಿ ಆಕಾರದ ಕಚ್ಚಿರುವ ದಿಮ್ಮಿಗಳ) ಮೇಲೆ ಮಲಗಿಸಿ ನಡುವೆ, ಸಣ್ಣ ಏರಿಳಿತವನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಗೇಜ್ ಇಟ್ಟು ತಿರುಗಿಸಬೇಕು. ಇಲ್ಲಿ ಬಹಳ ಮಂದಿ ತಪ್ಪುವ ಒಂದು ಲೆಕ್ಕವಿದೆ: ಒಂದು ಪೂರ್ತಿ ಸುತ್ತಿನಲ್ಲಿ ಮುಳ್ಳು 0.2 ಮಿ.ಮೀ. ಓಡಾಡಿದರೆ ಪೈಪಿನ ನಿಜವಾದ ಬಾಗು ಅದರ ಅರ್ಧ, ಅಂದರೆ 0.1 ಮಿ.ಮೀ. ಟ್ರಯಲ್ಸ್‌ಗೆ ಗೇಜಿನ ಓದು 0.2 ಮಿ.ಮೀ. ಒಳಗಿದ್ದರೆ ನಾನು ಪೈಪನ್ನು ಹಾಗೆಯೇ ಬಿಡುತ್ತೇನೆ. ಅದಕ್ಕಿಂತ ಹೆಚ್ಚಿದ್ದರೆ ಹೈಡ್ರಾಲಿಕ್ ಪ್ರೆಸ್‌ನಲ್ಲಿ, ಪೈಪಿನ ಮೈಗೆ ಹೊಂದುವ ಅಲ್ಯೂಮಿನಿಯಂ ಹಾಸುಗಳ ನಡುವೆ, ಸ್ವಲ್ಪ ಸ್ವಲ್ಪವೇ ಒತ್ತಿ, ಪ್ರತಿ ಸಲವೂ ಗೇಜ್ ಇಟ್ಟು ನೋಡುತ್ತ ನೇರ ಮಾಡಿಸಬೇಕು. ಉಕ್ಕು ಒತ್ತಿದಷ್ಟು ಉಳಿಯದೆ ಹಿಂದಕ್ಕೆ ಪುಟಿಯುವುದರಿಂದ ಆತುರ ಮಾಡುವವರ ಕೈಗೆ ಇದನ್ನು ಕೊಡಬಾರದು. ಪೈಪಿನಲ್ಲಿ ಮಡಿಕೆ ಕಾಣುತ್ತಿದ್ದರೆ ಅಥವಾ ಕೆಳಗಿನ ಟಿ-ಪ್ಲೇಟಿನ ಅಂಚಿನಲ್ಲಿ ನವಿರಾದ ಬಿರುಕಿದ್ದರೆ ಅದನ್ನು ನೇರ ಮಾಡಿಸದೆ ಕೈಬಿಡಿ. ಅಲ್ಲಿ ಮುರಿದ ಫೋರ್ಕ್ ಸವಾರನ ಹಲ್ಲು, ದವಡೆಗಳನ್ನು ಉಳಿಸುವುದಿಲ್ಲ.

ನಂತರ ಮೈ. ಗುಳಿಗಳು ಸೀಲ್ ಓಡಾಡುವ ಜಾಗದಿಂದ ಮೇಲಿದ್ದರೆ ಚಿಂತೆಯಿಲ್ಲ. ನಿಮ್ಮದು ಓಡಾಡುವ ಜಾಗದಲ್ಲಿಯೇ ಇದೆ. ಗುಳಿಗಳು ನಾಲ್ಕೈದೇ ಇದ್ದು ಸಾಸಿವೆ ಕಾಳಿಗಿಂತ ಚಿಕ್ಕದಾಗಿದ್ದರೆ ಒಂದು ಮಧ್ಯಮ ದಾರಿಯಿದೆ. ಸೂಜಿಮೊನೆಯಿಂದ ತುಕ್ಕನ್ನು ಪೂರ್ತಿ ಕೆರೆದು, ಅಸಿಟೋನ್‌ನಿಂದ ಜಿಡ್ಡು ತೆಗೆದು, ಎರಡು ಟ್ಯೂಬ್‌ಗಳ ಗಟ್ಟಿ ಎಪಾಕ್ಸಿಯನ್ನು ತುಂಬಿ, ಒಂದು ದಿನ ಬಿಟ್ಟು 1000, 1500, 2000 ನಂಬರಿನ ನೀರು ಎಮರಿ ಪೇಪರಿನಿಂದ ಮಟ್ಟ ಮಾಡಬೇಕು. ಉಜ್ಜುವುದು ಪೈಪಿನ ಸುತ್ತ, ಬಳೆ ತಿರುಗಿಸುವ ದಿಕ್ಕಿನಲ್ಲಿ. ಉದ್ದಕ್ಕೆ ಉಜ್ಜಿದರೆ ಪ್ರತಿ ಗೀರೂ ಎಣ್ಣೆಯನ್ನು ಹೊರತರುವ ಕಾಲುವೆಯಾಗುತ್ತದೆ. ಉಗುರನ್ನು ಹಾಯಿಸಿದಾಗ ಏನೂ ತಡೆಯಬಾರದು. ಈ ಕೆಲಸ ಎರಡು ಮೂರು ಮಳೆಗಾಲ ತಾಳಬಹುದು.

ಚಿತ್ರ ನೋಡಿದರೆ ನಿಮ್ಮ ಪೈಪಿನಲ್ಲಿ ಗುಳಿಗಳು ಹತ್ತಕ್ಕೂ ಹೆಚ್ಚಿವೆ. ಹಾಗಿದ್ದಲ್ಲಿ ನಿಜವಾದ ಪರಿಹಾರ ಹಳೆಯ ಕ್ರೋಮ್ ತೆಗೆಸಿ, ಗ್ರೈಂಡ್ ಮಾಡಿಸಿ, ಹಾರ್ಡ್ ಕ್ರೋಮ್ ಹಾಕಿಸಿ, ಮೂಲ ಅಳತೆಗೆ ಮತ್ತೆ ಗ್ರೈಂಡ್ ಮಾಡಿಸುವುದು. ‘ಹಾರ್ಡ್’ ಎಂಬ ಪದವನ್ನು ಒತ್ತಿ ಹೇಳುತ್ತಿದ್ದೇನೆ. ಬಂಪರ್, ಹ್ಯಾಂಡಲ್, ಸೈಲೆನ್ಸರ್‌ಗಳಿಗೆ ಹೊಳಪು ಕೊಡುವ ಅಲಂಕಾರದ ಕ್ರೋಮ್ ಸಾಮಾನ್ಯವಾಗಿ ನಿಕಲ್ ಮೇಲೆ ಹಾಕಿದ, ಒಂದು ಮೈಕ್ರಾನಿಗೂ ಕಡಿಮೆ ದಪ್ಪದ ಪದರ. ಫೋರ್ಕ್‌ಗೆ ಬೇಕಾದದ್ದು ಉಕ್ಕಿನ ಮೇಲೆ ನೇರವಾಗಿ ಕೂರುವ, ಗ್ರೈಂಡ್ ಮಾಡಿದ ಮೇಲೂ 20ರಿಂದ 50 ಮೈಕ್ರಾನ್ ಉಳಿಯುವ ಪದರ. ಈ ವ್ಯತ್ಯಾಸ ನನಗೆ ತಿಳಿದದ್ದು ನಷ್ಟದಿಂದಲೇ. ಬಹಳ ವರ್ಷಗಳ ಹಿಂದೆ ಒಂದು ಹಳೆಯ ಜಾವಾದ ಪೈಪುಗಳನ್ನು ಪ್ಲೇಟಿಂಗ್ ಅಂಗಡಿಯೊಂದಕ್ಕೆ ಕೊಟ್ಟಿದ್ದೆ. ಕನ್ನಡಿಯಂತೆ ಹೊಳೆಯುತ್ತ ಬಂದವು, ನಾನೂ ಮೈಕ್ರೋಮೀಟರ್ ಹಿಡಿಯದೆ ಜೋಡಿಸಿದೆ. ಮೂರನೆಯ ತಿಂಗಳಿಗೆ ಪದರ ಈರುಳ್ಳಿ ಸಿಪ್ಪೆಯಂತೆ ಎದ್ದು ಸೀಲನ್ನು ಮಾತ್ರವಲ್ಲ, ಹೊಸ ಬುಷ್ಷನ್ನೂ ಕೊರೆದು ಹಾಕಿತು. ಆ ಪೈಪುಗಳು ಮತ್ತೆ ಕೆಲಸಕ್ಕೆ ಬರಲಿಲ್ಲ. ಅಂದಿನಿಂದ ಪ್ಲೇಟಿಂಗ್‌ಗೆ ಕೊಡುವ ಮುನ್ನ ಮೂರು ಪ್ರಶ್ನೆ ಕೇಳುತ್ತೇನೆ, ನೀವೂ ಕೇಳಿ: ಕೊನೆಯ ಗ್ರೈಂಡಿಂಗ್ ಆದ ಮೇಲೆ ಎಷ್ಟು ಮೈಕ್ರಾನ್ ಉಳಿಯುತ್ತದೆ, ಗ್ರೈಂಡಿಂಗ್ ಅವರೇ ಮಾಡುತ್ತಾರೋ ಬೇರೆಯವರೋ, ಪ್ಲೇಟಿಂಗ್ ಆದ ಕೆಲವೇ ಗಂಟೆಗಳಲ್ಲಿ ಸುಮಾರು 200 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸುತ್ತಾರೋ ಇಲ್ಲವೋ. ಪ್ಲೇಟಿಂಗ್ ತೊಟ್ಟಿಯಲ್ಲಿ ಹುಟ್ಟುವ ಹೈಡ್ರೋಜನ್ ಉಕ್ಕಿನೊಳಕ್ಕೆ ಸೇರಿ ಅದನ್ನು ಪೆಡಸಾಗಿಸಬಹುದು, ಕಾಯಿಸುವುದು ಅದನ್ನು ಹೊರಹಾಕಲು. ಈ ಮೂರಕ್ಕೆ ತಡವರಿಸದೆ ಉತ್ತರ ಕೊಡುವವರಿಗೆ ಮಾತ್ರ ಪೈಪು ಕೊಡಿ. ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ಹೈಡ್ರಾಲಿಕ್ ಸಿಲಿಂಡರ್‌ಗಳ ದುರಸ್ತಿ ಮಾಡುವವರನ್ನು ವಿಚಾರಿಸಿದರೆ ದಾರಿ ಸಿಗುತ್ತದೆ. ಜೆಸಿಬಿಯ ಸಿಲಿಂಡರ್ ರಾಡಿಗೆ ಬೇಕಾದದ್ದೂ ಇದೇ ಕೆಲಸ. ಎರಡೂ ಕಾಲುಗಳ ಪೈಪುಗಳನ್ನು ಒಟ್ಟಿಗೇ ಮಾಡಿಸಿ, ಒಂದನ್ನೇ ಮಾಡಿಸಿದರೆ ಎರಡೂ ಕಡೆಯ ಘರ್ಷಣೆ ಬೇರೆ ಬೇರೆಯಾಗುತ್ತದೆ.

ಪೈಪಿನ ಅಂತಿಮ ಅಳತೆ ಕೈಗೆ ಬಂದ ಮೇಲೆಯೇ ಬುಷ್ ಮಾಡಿಸಬೇಕು, ಮೊದಲಲ್ಲ. ಪೈಪನ್ನು ಮೈಕ್ರೋಮೀಟರಿನಿಂದ ಮೇಲೆ, ನಡುವೆ, ಕೆಳಗೆ, ಪ್ರತಿ ಜಾಗದಲ್ಲೂ ಎರಡು ದಿಕ್ಕಿನಲ್ಲಿ ಅಳೆದು ಕಾಗದದ ಮೇಲೆ ಬರೆದು ಟರ್ನರ್‌ಗೆ ಕೊಡಿ. ಹೊಸ ಗನ್‌ಮೆಟಲ್ ಬುಷ್‌ಗೂ ಪೈಪಿಗೂ ನಡುವೆ ವ್ಯಾಸದಲ್ಲಿ 0.05ರಿಂದ 0.1 ಮಿ.ಮೀ. ಸಡಿಲವಿದ್ದರೆ ನನಗೆ ತೃಪ್ತಿ. 0.25 ದಾಟಿದ ಹಳೆಯ ಬುಷ್ಷನ್ನು ನಾನು ಉಳಿಸಿಕೊಳ್ಳುವುದಿಲ್ಲ. ಬುಷ್ಷನ್ನು ಬಿಗಿಯಾಗಿ ಒತ್ತಿ ಕೂರಿಸಿದಾಗ ಅದರ ಒಳವ್ಯಾಸ ಕುಗ್ಗುತ್ತದೆ ಎಂಬುದನ್ನು ಎಳೆಯ ಟರ್ನರ್‌ಗಳು ಮರೆಯುವುದುಂಟು. ಆದ್ದರಿಂದ ಒಳಗಿನ ಕೊನೆಯ ಅಳತೆಯನ್ನು ಕೂರಿಸಿದ ಮೇಲೆಯೇ ತೆಗೆಯಬೇಕು. ಎಣ್ಣೆ ಬಳಿದ ಪೈಪನ್ನು ನೆಟ್ಟಗೆ ಹಿಡಿದು ಬುಷ್‌ಗೆ ಬಿಟ್ಟರೆ ಅದು ತನ್ನ ಭಾರಕ್ಕೇ ಸರಾಗವಾಗಿ ಇಳಿಯಬೇಕು, ಕಾಲು ತಿರುವಿದಾಗಲೂ ಎಲ್ಲಿಯೂ ಹಿಡಿಯಬಾರದು.

ಸ್ಪ್ರಿಂಗ್‌ಗಳನ್ನು ಅಕ್ಕಪಕ್ಕ ನಿಲ್ಲಿಸಿ ಉದ್ದ ನೋಡಿ. ನಲವತ್ತು ವರ್ಷ ಕೆಲಸ ಮಾಡಿದ ಸ್ಪ್ರಿಂಗ್ ಸ್ವಲ್ಪ ಕುಸಿದಿರುವುದು ಸಹಜ. ಎರಡರ ನಡುವೆ ಎರಡು ಮೂರು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಜೋಡಿಯನ್ನೇ ಬದಲಿಸಿ. ತಳಕ್ಕೆ ಬಡಿಯುತ್ತಿದೆ ಎಂದು ಕೆಲವರು ಅಡಿಗೆ ದಪ್ಪ ವಾಷರ್ ತುಂಬುತ್ತಾರೆ. ಅದರಿಂದ ಫೋರ್ಕ್‌ನ ನಿಲುವು ಎತ್ತರವಾಗುತ್ತದೆಯೇ ಹೊರತು ಸ್ಪ್ರಿಂಗಿನ ಗಟ್ಟಿತನ ಬದಲಾಗುವುದಿಲ್ಲ. ಗಟ್ಟಿತನ ಬೇಕಿದ್ದರೆ ಕೆಲಸ ಮಾಡುವ ಸುರುಳಿಗಳ ಸಂಖ್ಯೆ ಕಡಿಮೆಯಾಗಬೇಕು: 50 ಸುರುಳಿಗಳಲ್ಲಿ 4ನ್ನು ಕತ್ತರಿಸಿದರೆ 50ನ್ನು 46ರಿಂದ ಭಾಗಿಸಿದಷ್ಟು, ಅಂದರೆ ಸುಮಾರು ಶೇ. 9ರಷ್ಟು ಗಟ್ಟಿಯಾಗುತ್ತದೆ. ಕಳೆದುಹೋದ ಉದ್ದವನ್ನು ಅಲ್ಯೂಮಿನಿಯಂ ಕೊಳವೆಯ ತುಂಡಿನಿಂದ ತುಂಬಬೇಕು. ಆದರೆ ಹೊಸ ಎಣ್ಣೆ ಹಾಕಿ ಓಡಿಸಿ ನೋಡುವ ಮೊದಲು ಗರಗಸ ಎತ್ತಿಕೊಳ್ಳಬೇಡಿ, ಕತ್ತರಿಸಿದ್ದನ್ನು ಮತ್ತೆ ಸೇರಿಸಲಾಗದು.

ಇನ್ನು ಸೀಲ್. ಹಳೆಯ ಸೀಲಿನ ಮೇಲೆ ಒಳವ್ಯಾಸ, ಹೊರವ್ಯಾಸ, ಎತ್ತರ ಎಂಬ ಮೂರು ಅಂಕಿಗಳು ಅಚ್ಚಾಗಿರುತ್ತವೆ, ಅವು ಅಳಿಸಿದ್ದರೆ ಪೈಪನ್ನೂ ಸೀಲ್ ಕೂರುವ ಮನೆಯನ್ನೂ ಅಳೆದುಕೊಂಡು ಹೋಗಿ. ಬೇರಿಂಗ್ ಅಂಗಡಿಯಲ್ಲಿ ಅದೇ ಅಳತೆಯ, ಮೋಟಾರ್ ಶಾಫ್ಟಿಗೆ ಹಾಕುವ ಸೀಲನ್ನು ಕೊಡುತ್ತಾರೆ. ಅದರ ತುಟಿ ತಿರುಗುವ ಶಾಫ್ಟಿಗೆ ಹೊಂದುವಂತೆ ಮಾಡಿದ್ದು, ಮೇಲೆ ಕೆಳಗೆ ಜಾರುವ ಪೈಪಿಗೆ ಫೋರ್ಕ್‌ಗೆಂದೇ ಮಾಡಿದ ಎರಡು ತುಟಿಯ ಸೀಲ್ ಉತ್ತಮ. ಅನಿವಾರ್ಯವಾದರೆ ಧೂಳಿಗೆ ಪ್ರತ್ಯೇಕ ತುಟಿ ಇರುವುದನ್ನೇ ಆರಿಸಿ. ಸಣ್ಣ ಸ್ಪ್ರಿಂಗ್ ಬಳೆ ಕಾಣುವ ಮುಖ ಎಣ್ಣೆಯ ಕಡೆಗೆ, ಅಂದರೆ ಕೆಳಮುಖವಾಗಿ ಕೂರಬೇಕು. ಪೈಪಿನ ತುದಿಯ ಚೂಪು ಅಂಚು ತುಟಿಯನ್ನು ಸೀಳದಂತೆ ತೆಳುವಾದ ಪ್ಲಾಸ್ಟಿಕ್ ಕವರನ್ನು ಸುತ್ತಿ, ಎಣ್ಣೆ ಸವರಿ ಜಾರಿಸಿ. ಒಣ ಸೀಲನ್ನು ಒಣ ಪೈಪಿಗೆ ಎಂದೂ ಹಾಕಬೇಡಿ.

ಎಣ್ಣೆಗೆ ಬಂದರೆ, ಡಬ್ಬದ ಮೇಲಿನ 10, 20 ಎಂಬ ಅಂಕಿಗಳು ಕಂಪನಿಯಿಂದ ಕಂಪನಿಗೆ ಒಂದೇ ಅರ್ಥ ಕೊಡುವುದಿಲ್ಲ. 40 ಡಿಗ್ರಿಯಲ್ಲಿ ಎಷ್ಟು ಸೆಂಟಿಸ್ಟೋಕ್ (ಎಣ್ಣೆಯ ಗಟ್ಟಿತನದ ಅಳತೆ) ಎಂಬುದನ್ನು ನೋಡಿ, ನಮ್ಮ ಬಯಲಿನ ಬೇಸಿಗೆಯಲ್ಲಿ ಫೋರ್ಕ್ ಕೆಲಸ ಮಾಡುವ ಬಿಸಿಯೂ ಅದರ ಆಸುಪಾಸಿನದೇ. ಪವರ್ ಸ್ಟಿಯರಿಂಗ್‌ಗೂ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೂ ಬಳಸುವ ಕೆಂಪು ಎ.ಟಿ.ಎಫ್. ಎಣ್ಣೆಯ ಸಾಮಾನ್ಯ ಬಗೆಗಳು 35ರ ಆಸುಪಾಸು ಇರುತ್ತವೆ. ನಿಮಗೆ ಸಲಹೆಯಾಗಿ ಬಂದ ಗಟ್ಟಿ ಎಂಜಿನ್ ಆಯಿಲ್ 20ಡಬ್ಲ್ಯು-40 ಆಗಿದ್ದರೆ ಅದು ಇದರ ಮೂರು ಪಟ್ಟಿಗೂ ಹೆಚ್ಚು ಗಟ್ಟಿ. ಟ್ರಯಲ್ಸ್‌ಗೆ ನಾನು ಎ.ಟಿ.ಎಫ್.ನಿಂದಲೇ ಆರಂಭಿಸುತ್ತೇನೆ, ಮೇಲೇಳುವಾಗ ಫೋರ್ಕ್ ಪುಟಿಯುತ್ತಿದೆ ಎನಿಸಿದರೆ ಒಂದು ಮೆಟ್ಟಿಲು ಗಟ್ಟಿಗೆ ಹೋಗುತ್ತೇನೆ. ಪ್ರಮಾಣವನ್ನು ಕೈಪಿಡಿಯ ಅಳತೆಯಂತೆ ಎರಡೂ ಕಾಲಿಗೆ ಹಾಕಿದ ಮೇಲೆ, ಸ್ಪ್ರಿಂಗ್ ಇಲ್ಲದೆ ಫೋರ್ಕ್ ಅನ್ನು ಹತ್ತಾರು ಸಲ ಮೆಲ್ಲಗೆ ಮೇಲೆ ಕೆಳಗೆ ಆಡಿಸಿ ಗುಳ್ಳೆಗಳನ್ನು ಹೊರಹಾಕಿ, ಪೂರ್ತಿ ಅದುಮಿ, ಪೈಪಿನ ಬಾಯಿಯಿಂದ ಎಣ್ಣೆಯ ಮಟ್ಟಕ್ಕೆ ಎಷ್ಟು ಆಳ ಎಂದು ಕಡ್ಡಿಯಿಂದ ಅಳೆಯಿರಿ. ಎರಡೂ ಕಾಲಿನಲ್ಲಿ ಈ ಆಳ ಒಂದೇ ಇರಬೇಕು. ಮೇಲೆ ಉಳಿಯುವ ಗಾಳಿಯೂ ಒಂದು ಸ್ಪ್ರಿಂಗೇ. ಎಣ್ಣೆಯ ಮಟ್ಟವನ್ನು 10 ಮಿ.ಮೀ. ಏರಿಸಿದರೆ, 28 ಮಿ.ಮೀ. ಒಳವ್ಯಾಸದ ಪೈಪಿಗೆ ಬೇಕಾಗುವುದು ಕೇವಲ 6 ಮಿ.ಲೀ. ಎಣ್ಣೆ, ಆದರೆ ಅದುಮಿನ ಕೊನೆಯ ಭಾಗ ಮಾತ್ರ ಗಟ್ಟಿಯಾಗುತ್ತದೆ, ಮೊದಲ ಭಾಗದ ಮೃದುತ್ವ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ತಳಕ್ಕೆ ಬಡಿಯುವ ನಿಮ್ಮ ದೂರಿಗೆ ಸ್ಪ್ರಿಂಗ್ ಕತ್ತರಿಸುವುದಕ್ಕಿಂತ ಮೊದಲು ಪ್ರಯತ್ನಿಸಬೇಕಾದದ್ದು ಇದು. ಒಂದು ಸಲಕ್ಕೆ 5 ಮಿ.ಲೀ.ಗಿಂತ ಹೆಚ್ಚು ಸೇರಿಸಬೇಡಿ.

ಜೋಡಣೆಯಲ್ಲಿ ಸಮಾಂತರದ ಪರೀಕ್ಷೆಯನ್ನು ಬಿಡಲೇಬೇಡಿ. ಬಂಡೆಯ ಮೇಲೆ ಬಿದ್ದೆದ್ದ ಗಾಡಿಗಳಲ್ಲಿ ಪೈಪುಗಳು ನೇರವಿದ್ದೂ ಟಿ-ಪ್ಲೇಟುಗಳು ತಿರುಚಿಕೊಂಡಿರುತ್ತವೆ. ಕೋನ್‌ಸೆಟ್‌ಗೆ ಹೊಸ ಗುಂಡುಗಳನ್ನು ಗ್ರೀಸ್ ತುಂಬಿ ಕೂರಿಸಿ, ಪೈಪುಗಳನ್ನು ಏರಿಸಿ, ಬೋಲ್ಟುಗಳನ್ನು ಕೈಬಿಗಿಗೆ ಮಾತ್ರ ತಂದು, ನಾಲ್ಕೈದು ಮಿ.ಮೀ. ದಪ್ಪದ ನೇರವಾದ ಗಾಜಿನ ತುಂಡನ್ನು ಎರಡೂ ಪೈಪುಗಳಿಗೆ ಅಡ್ಡಲಾಗಿ ಒರಗಿಸಿ. ಗಾಜು ಮೇಲೆ ಎರಡು, ಕೆಳಗೆ ಎರಡು, ಹೀಗೆ ನಾಲ್ಕು ಜಾಗದಲ್ಲಿ ಒಟ್ಟಿಗೆ ತಾಗಬೇಕು. ಒಂದು ಮೂಲೆ ಟಕಟಕ ಎಂದು ಕುಲುಕಿದರೆ ಪೈಪುಗಳು ಒಂದೇ ಸಮತಲದಲ್ಲಿಲ್ಲ. ಸಡಿಲ ಬೋಲ್ಟಿನಲ್ಲಿಯೇ ತಿರುವಿ ಸರಿಪಡಿಸಿ, ಗಾಜು ನೆಟ್ಟಗೆ ಕೂತ ಮೇಲೆ ಬಿಗಿಮಾಡಿ. ಹಾಗೂ ಸರಿಹೋಗದಿದ್ದರೆ ತಿರುಚಿರುವುದು ಟಿ-ಪ್ಲೇಟೇ, ಅದನ್ನು ಪ್ರೆಸ್‌ಗೆ ಒಯ್ಯಬೇಕು.

ಚಕ್ರ ಹಾಕಿದ ಮೇಲೆ ಅಚ್ಚಿನ ನಟ್ಟನ್ನು ಮೊದಲು ಬಿಗಿಮಾಡಿ, ಕಾಲಿನ ಕೆಳಗೆ ಅಚ್ಚನ್ನು ಹಿಡಿದು ಬಿಗಿಯುವ ಪಿಂಚ್ ಬೋಲ್ಟನ್ನೂ ಮಡ್‌ಗಾರ್ಡಿನ ಪಟ್ಟಿಗಳನ್ನೂ ಸಡಿಲವಾಗಿಯೇ ಬಿಡಿ. ಗಾಡಿಯನ್ನು ನೆಲಕ್ಕಿಳಿಸಿ, ಮುಂದಿನ ಬ್ರೇಕ್ ಹಿಡಿದು ಹತ್ತು ಹನ್ನೆರಡು ಸಲ ಜೋರಾಗಿ ಅದುಮಿ. ಆಗ ಎರಡೂ ಕಾಲುಗಳು ಅಚ್ಚಿನ ಮೇಲೆ ತಮ್ಮ ಸಹಜವಾದ ಅಂತರವನ್ನು ಹುಡುಕಿಕೊಳ್ಳುತ್ತವೆ. ಆಮೇಲೆ ಪಿಂಚ್ ಬೋಲ್ಟ್, ಕೊನೆಯಲ್ಲಿ ಮಡ್‌ಗಾರ್ಡ್. ಈ ಕ್ರಮ ತಪ್ಪಿದರೆ ಕಾಲುಗಳು ಒಂದರ ಕಡೆಗೊಂದು ಎಳೆದುಕೊಂಡು ನಿಲ್ಲುತ್ತವೆ, ಇಷ್ಟು ಹೊತ್ತು ಕಳೆದ ಘರ್ಷಣೆ ಹಿಂದಿರುಗುತ್ತದೆ. ಸೀಲ್ ಬದಲಿಸಿದವರು ಮೂರೂ ಸಲ ಮಡ್‌ಗಾರ್ಡನ್ನು ಮೊದಲು ಬಿಗಿದಿದ್ದರೋ ಎಂದು ವಿಚಾರಿಸಿ ನೋಡಿ.

ಓಡಿಸುವ ಮೊದಲು ಒಂದು ಪೈಪಿಗೆ ದಾರವನ್ನು ಬಿಗಿಯಾಗಿ ಕಟ್ಟಿ ಸೀಲಿನ ಮೇಲಕ್ಕೆ ಸರಿಸಿ. ನೀವು ಫುಟ್‌ರೆಸ್ಟ್ ಮೇಲೆ ಟ್ರಯಲ್ಸ್ ನಿಲುವಿನಲ್ಲಿ ನಿಂತಾಗ ಫೋರ್ಕ್ ತನ್ನ ಒಟ್ಟು ಚಲನೆಯ ಸುಮಾರು ಮೂರನೆಯ ಒಂದು ಭಾಗ ಇಳಿಯಬೇಕು, 140 ಮಿ.ಮೀ. ಚಲನೆಯಿದ್ದರೆ 45 ಮಿ.ಮೀ. ಹತ್ತಿರ. ವಾಷರ್ ತುಂಡುಗಳು ಬೇಕಾಗುವುದು ಈ ಇಳಿತವನ್ನು ಸರಿಪಡಿಸಲು. ನಂತರ ನಿಮ್ಮ ದಿನನಿತ್ಯದ ಬಂಡೆಗಳ ಮೇಲೆ ಒಂದು ಗಂಟೆ ಓಡಿಸಿ ದಾರ ಎಲ್ಲಿಗೆ ಹೋಗಿದೆ ನೋಡಿ. ಕೊನೆಗೆ 10 ಮಿ.ಮೀ. ಉಳಿದಿದ್ದರೆ ಎಣ್ಣೆಯ ಮಟ್ಟ ಸರಿಯಿದೆ. ಪೈಪುಗಳ ಮೇಲೆ ರಬ್ಬರ್ ಬೂಟು (ಮುಚ್ಚುಗವಸು) ಹಾಕುವುದಾದರೆ ಅದರ ಕೆಳತುದಿಯಲ್ಲಿ ನೀರು ಇಳಿಯಲು ಸಣ್ಣ ತೂತು ಇರಲಿ, ಕೆಸರಿನಲ್ಲಿ ಓಡಿಸಿದ ದಿನ ಬೂಟನ್ನು ಮೇಲೆ ಸರಿಸಿ ಪೈಪು ಒರೆಸಿ ಒಂದು ಹನಿ ಎಣ್ಣೆ ಸವರಿ. ನಿಮ್ಮ ಪೈಪಿನಲ್ಲಿ ತುಕ್ಕು ಹುಟ್ಟಿದ್ದು ಬೂಟಿನೊಳಗೆ ನಿಂತ ತೇವದಿಂದಲೇ ಎಂದು ನಿಮ್ಮ ನಾಲ್ಕನೆಯ ಚಿತ್ರ ನೋಡಿದರೆ ಅನಿಸುತ್ತದೆ. ಮೊದಲ 50 ಕಿ.ಮೀ. ಆದ ಮೇಲೆ ಟಿ-ಪ್ಲೇಟಿನ ಬೋಲ್ಟುಗಳನ್ನೂ ಕೋನ್‌ಸೆಟ್ಟನ್ನೂ ಮತ್ತೊಮ್ಮೆ ನೋಡಿ. ಪ್ಲೇಟಿಂಗ್‌ಗೆ ಕೊಡುವ ಮುನ್ನ ಎರಡೂ ಪೈಪುಗಳ ಡಯಲ್ ಗೇಜ್ ಓದನ್ನು ನನಗೆ ಬರೆದು ಕಳುಹಿಸಿದರೆ, ನೇರ ಮಾಡಿಸಬೇಕೋ ಬೇಡವೋ ಎಂಬುದನ್ನು ಅದರ ಆಧಾರದ ಮೇಲೆ ಹೇಳುತ್ತೇನೆ.